ಟಿಎಸ್‌ಎಚ್ ಜಾಸ್ತಿ ಇದ್ದರೆ ಮತ್ತೆ ಹಾರ್ಮೋನ್ ಮಾತ್ರೆ ಯಾಕೆ?

ಪ್ರಶ್ನೆ: ನನಗೆ 41 ವರ್ಷ. ಊರು ಹಾಸನದ ಹತ್ತಿರ. ಕೆಲವು ತಿಂಗಳಿಂದ ಸುಸ್ತು, ಕೂದಲು ಉದುರುತ್ತಿದೆ, ತೂಕವೂ ಸ್ವಲ್ಪ ಏರಿದೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 7.8 ಬಂದಿದೆ. ಫ್ರೀ ಟಿ4 ನಾರ್ಮಲ್ ಇದೆ. ಒಬ್ಬ ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಇನ್ನೊಬ್ಬರು ‘ಈಗಲೇ ಬೇಡ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ’ ಅಂದರು. ಹಾರ್ಮೋನ್ ಜಾಸ್ತಿ ಇದೆ ಅಂತ ರಿಪೋರ್ಟ್ ಹೇಳುವಾಗ ಮತ್ತೆ ಹಾರ್ಮೋನ್ ಮಾತ್ರೆಯನ್ನೇ ಕೊಡುವುದು ಯಾಕೆ? ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಾ? ನಮ್ಮತ್ತೆ ರಾಗಿಮುದ್ದೆ, ಎಲೆಕೋಸು ಬಿಡು ಅಂತಾರೆ, ಕಲ್ಲುಪ್ಪು ಬಳಸು ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಅದು ಬಗೆಹರಿದರೆ ಉಳಿದವು ತಾವಾಗಿಯೇ ಸಡಿಲವಾಗುತ್ತವೆ. ರಿಪೋರ್ಟಿನಲ್ಲಿ ಜಾಸ್ತಿ ಇರುವ ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್, ನಿಮ್ಮ ಥೈರಾಯ್ಡ್ ಗ್ರಂಥಿ ಮಾಡಿದ ಹಾರ್ಮೋನ್ ಅಲ್ಲವೇ ಅಲ್ಲ. ಅದು ಹೊರಡುವುದು ತಲೆಯೊಳಗಿಂದ.

ಮೆದುಳಿನ ತಳದಲ್ಲಿ, ಮೂಗಿನ ಹಿಂಭಾಗಕ್ಕೆ ನೇರವಾಗಿ, ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇದೆ. ತೂಕ ಹೆಚ್ಚುಕಡಿಮೆ ಅರ್ಧ ಗ್ರಾಂ. ಅದರ ಮೇಲೆ ಹೈಪೋಥಲಾಮಸ್ ಅನ್ನುವ ಮೆದುಳಿನ ಭಾಗ ಕೂತು ಉಸ್ತುವಾರಿ ನೋಡಿಕೊಳ್ಳುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಎಷ್ಟಿದೆ ಅಂತ ಇವೆರಡೂ ಗಮನಿಸುತ್ತಲೇ ಇರುತ್ತವೆ. ಕಡಿಮೆ ಅನ್ನಿಸಿದರೆ ಪಿಟ್ಯುಟರಿ ಟಿಎಸ್‌ಎಚ್ ಕಳಿಸುತ್ತದೆ. ಕತ್ತಿನಲ್ಲಿರುವ ಥೈರಾಯ್ಡ್‌ಗೆ ಅದರ ಅರ್ಥ ಇಷ್ಟೇ: ಕೆಲಸ ಮಾಡು. ಥೈರಾಯ್ಡ್ ಕೆಲಸ ಮಾಡಿ ಟಿ4, ಟಿ3 ಅನ್ನುವ ತನ್ನ ಹಾರ್ಮೋನುಗಳನ್ನು ರಕ್ತಕ್ಕೆ ಬಿಟ್ಟರೆ ಪಿಟ್ಯುಟರಿ ತಣ್ಣಗಾಗುತ್ತದೆ.

ಬೆಳಿಗ್ಗೆ ಸ್ಕೂಲಿಗೆ ಹೋಗಬೇಕಾದ ಮಗನನ್ನು ಅಮ್ಮ ಎಬ್ಬಿಸುವುದನ್ನು ನೆನಪಿಸಿಕೊಳ್ಳಿ. ಮಗ ಒಂದೇ ಕೂಗಿಗೆ ಎದ್ದರೆ ಅಮ್ಮನ ದನಿ ಮೆತ್ತಗೇ ಇರುತ್ತದೆ. ಏಳದಿದ್ದರೆ ದನಿ ಏರುತ್ತದೆ. ಟಿಎಸ್‌ಎಚ್ ಅಂದರೆ ಆ ದನಿ. ನಿಮ್ಮ 7.8 ಹೇಳುತ್ತಿರುವುದು ‘ಹಾರ್ಮೋನ್ ಜಾಸ್ತಿ ಆಗಿದೆ’ ಅಂತಲ್ಲ, ‘ಮಗ ಏಳೋಕೆ ಸ್ವಲ್ಪ ತಡ ಮಾಡ್ತಿದ್ದಾನೆ, ಅಮ್ಮ ದನಿ ಏರಿಸಿದ್ದಾಳೆ’ ಅಂತ. ಫ್ರೀ ಟಿ4 (ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4) ನಾರ್ಮಲ್ ಅಂದರೆ, ಕೂಗಿಸಿಕೊಂಡಾದರೂ ಮಗ ಎದ್ದು ಹೋಗುತ್ತಿದ್ದಾನೆ. ಡಾಕ್ಟರ್ ಕೊಡುವ ಮಾತ್ರೆ ಟಿಎಸ್‌ಎಚ್ ಅಲ್ಲ, ಟಿ4. ಅದು ರಕ್ತದಲ್ಲಿ ಸಾಕಷ್ಟು ಆದಾಗ ಪಿಟ್ಯುಟರಿ ಕೂಗುವುದನ್ನು ನಿಲ್ಲಿಸುತ್ತದೆ, ಟಿಎಸ್‌ಎಚ್ ಇಳಿಯುತ್ತದೆ.

ಹೀಗೆ ಒಂದು ಗ್ರಂಥಿ ಇನ್ನೊಂದನ್ನು ಎಚ್ಚರಿಸುವುದು, ಎರಡನೆಯದರ ಹಾರ್ಮೋನ್ ಮೊದಲನೆಯದನ್ನು ಸುಮ್ಮನಾಗಿಸುವುದು, ಇದೇ ನಮ್ಮ ಹಾರ್ಮೋನ್ ವ್ಯವಸ್ಥೆಯ ಬಹುಪಾಲು ಲೆಕ್ಕಾಚಾರ. ಹಾಗಾಗಿ ಯಾವುದೇ ಹಾರ್ಮೋನ್ ರಿಪೋರ್ಟನ್ನು ಒಂಟಿ ಅಂಕಿಯಾಗಿ ಓದಬಾರದು. ಯಾರು ಕೂಗುತ್ತಿದ್ದಾರೆ, ಯಾರು ಉತ್ತರ ಕೊಡುತ್ತಿದ್ದಾರೆ, ಎರಡನ್ನೂ ನೋಡಬೇಕು. ಪರೀಕ್ಷೆಯ ಅಂಕಪಟ್ಟಿ ಥರ ಕೆಂಪು ಬಣ್ಣದಲ್ಲಿ ‘ಎಚ್’ (ಹೈ, ಜಾಸ್ತಿ) ಅಂತ ಬಂದಿದ್ದಕ್ಕೇ ಹೆದರುವವರು ನಮ್ಮಲ್ಲಿ ಬಹಳ.

ರಕ್ತದ ಮೂಲಕವೇ ಸಂದೇಶ ಹೋಗುತ್ತದೆ ಅನ್ನುವುದು ಗೊತ್ತಾಗಿ ಸುಮಾರು ಒಂದೂಕಾಲು ಶತಮಾನವಷ್ಟೇ ಆಯಿತು. ಅದಕ್ಕೆ ಮೊದಲು, ದೇಹದಲ್ಲಿ ಒಂದು ಅಂಗದಿಂದ ಇನ್ನೊಂದಕ್ಕೆ ಸುದ್ದಿ ಹೋಗುವುದೆಲ್ಲ ನರಗಳಿಂದಲೇ ಅಂತ ದೊಡ್ಡ ದೊಡ್ಡವರೇ ನಂಬಿದ್ದರು. ರಷ್ಯಾದ ಶರೀರವಿಜ್ಞಾನಿ ಪಾವ್ಲೋವ್ ಕೂಡ ಹಾಗೇ ಅಂದುಕೊಂಡಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನುವ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಅರಿವಳಿಕೆ ಕೊಟ್ಟ ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿದರು. ರಕ್ತನಾಳ ಮಾತ್ರ ಉಳಿಸಿ ಆ ತುಂಡಿನೊಳಗೆ ಆಮ್ಲ ಹಾಕಿದರು. ನರವೇ ಇಲ್ಲ, ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಆಮೇಲೆ ಕರುಳಿನ ಒಳಪದರವನ್ನು ಕೆರೆದು, ಆಮ್ಲದ ಜೊತೆ ಅರೆದು, ಸೋಸಿ, ರಕ್ತಕ್ಕೆ ಚುಚ್ಚಿದರು. ಮತ್ತೆ ರಸ ಬಂತು. ಅಂದರೆ ಕರುಳು ಯಾವುದೋ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತಿತ್ತು. ಅದಕ್ಕೆ ಸೆಕ್ರೆಟಿನ್ ಅಂತ ಹೆಸರಾಯಿತು. ಹಾರ್ಮೋನ್ ಅನ್ನುವ ಪದವನ್ನು ಸ್ಟಾರ್ಲಿಂಗ್ ಬಳಸಿದ್ದು 1905ರಲ್ಲಿ.

ರಕ್ತಕ್ಕೆ ಬಿಟ್ಟ ಮೇಲೆ ಹಾರ್ಮೋನ್ ಎಲ್ಲ ಕಡೆಗೂ ಹೋಗುತ್ತದೆ, ಕಾಲಿನ ಹೆಬ್ಬೆರಳಿಗೂ. ಹಾಗಾದರೆ ಟಿಎಸ್‌ಎಚ್ ಥೈರಾಯ್ಡ್ ಮೇಲೆ ಮಾತ್ರ ಯಾಕೆ ಕೆಲಸ ಮಾಡುತ್ತದೆ? ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಹೆಚ್ಚಾಗಿ ಇರುವುದು ಥೈರಾಯ್ಡ್ ಜೀವಕೋಶಗಳ ಮೇಲೆ. ಗ್ರಾಹಕ ಇಲ್ಲದ ಜೀವಕೋಶಕ್ಕೆ ಆ ಹಾರ್ಮೋನ್ ಬಂದಿದ್ದೂ ಗೊತ್ತಾಗುವುದಿಲ್ಲ. ಟಿ3 ಮತ್ತು ಟಿ4 ಕಥೆ ಬೇರೆ. ಅವುಗಳ ಗ್ರಾಹಕ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇದೆ. ಅದಕ್ಕೇ ಥೈರಾಯ್ಡ್ ಕೆಟ್ಟರೆ ಹೃದಯ, ಕರುಳು, ಚರ್ಮ, ಕೂದಲು, ಮುಟ್ಟು, ಮನಸ್ಸು, ಎಲ್ಲದರಲ್ಲೂ ಒಂದೊಂದು ದೂರು.

ವೇಗದಲ್ಲೂ ಬಹಳ ವ್ಯತ್ಯಾಸ ಇದೆ. ಅಡ್ರಿನಲಿನ್ ಜೀವಕೋಶದ ಹೊರಮೈಗೆ ತಾಗಿದರೆ ಸಾಕು, ಸೆಕೆಂಡುಗಳಲ್ಲಿ ಎದೆ ಡವಡವ. ಥೈರಾಯ್ಡ್ ಹಾರ್ಮೋನ್ ಹಾಗಲ್ಲ. ಅದು ಜೀವಕೋಶದ ಒಳಗೆ, ಕೇಂದ್ರದವರೆಗೂ ಹೋಗಿ, ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಅನ್ನುವುದನ್ನೇ ಬದಲಿಸುತ್ತದೆ. ನಿಧಾನದ ಕೆಲಸ. ಅದರ ಮೇಲೆ, ರಕ್ತದಲ್ಲಿರುವ ಟಿ4 ಅರ್ಧದಷ್ಟು ಖಾಲಿಯಾಗಲು ಸುಮಾರು ಏಳು ದಿನ ಬೇಕು. ಆದ್ದರಿಂದ ಮಾತ್ರೆ ಶುರು ಮಾಡಿದ ನಾಲ್ಕನೇ ದಿನ ‘ಏನೂ ವ್ಯತ್ಯಾಸ ಇಲ್ಲ ಡಾಕ್ಟ್ರೇ’ ಅಂತ ಫೋನ್ ಮಾಡಿದರೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಡೋಸ್ ಬದಲಾಯಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟೆಸ್ಟ್ ಮಾಡಿಸಿ ಅನ್ನುವುದು ಇದೇ ಕಾರಣಕ್ಕೆ. ಅದಕ್ಕಿಂತ ಮುಂಚೆ ಮಾಡಿಸಿದರೆ ದುಡ್ಡು ದಂಡ.

ಈಗ ನಿಮ್ಮ 7.8ಕ್ಕೆ ಬರೋಣ. ಹೆಚ್ಚಿನ ಲ್ಯಾಬುಗಳಲ್ಲಿ ದೊಡ್ಡವರಿಗೆ ನಾರ್ಮಲ್ ಅಂತ ಹಾಕುವುದು ಸುಮಾರು 0.4ರಿಂದ 4 ಅಥವಾ 4.5. ಪಿಟ್ಯುಟರಿ ಬಹಳ ಸೂಕ್ಷ್ಮ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಏರಬಹುದು. ಅದಕ್ಕೇ ಥೈರಾಯ್ಡ್ ಸ್ವಲ್ಪ ಸೋಲುವ ಹೊತ್ತಿಗೇ, ಟಿ4 ಇನ್ನೂ ನಾರ್ಮಲ್ ಇರುವಾಗಲೇ ಟಿಎಸ್‌ಎಚ್ ಏರಿ ಕೂತಿರುತ್ತದೆ. ಈ ಸ್ಥಿತಿಗೆ ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಮ್ ಅನ್ನುತ್ತಾರೆ. ಕಾಯಿಲೆಯ ಹೊಸ್ತಿಲು ಅನ್ನಿ. ಹೊಸ್ತಿಲಿಗೆ ಬಂದವರೆಲ್ಲ ಒಳಗೆ ಹೋಗುವುದಿಲ್ಲ, ಎಷ್ಟೋ ಜನ ವಾಪಸ್ ಹೋಗುತ್ತಾರೆ. ದೊಡ್ಡ ಜ್ವರದಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ತಾತ್ಕಾಲಿಕವಾಗಿ ಏರಬಹುದು. ರಾತ್ರಿ ಮತ್ತು ನಸುಕಿನಲ್ಲಿ ಸಹಜವಾಗಿಯೇ ಹೆಚ್ಚು, ಮಧ್ಯಾಹ್ನ ಕಡಿಮೆ.

ಹಾಗಾಗಿ ನನ್ನ ಮತ ನಿಮ್ಮ ಎರಡನೇ ಡಾಕ್ಟರ ಕಡೆಗೆ. ಎರಡು ಮೂರು ತಿಂಗಳ ನಂತರ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿಗೆ, ಟಿಎಸ್‌ಎಚ್ ಮತ್ತು ಫ್ರೀ ಟಿ4 ಮತ್ತೆ ಮಾಡಿಸಿ. ಜೊತೆಗೆ ಒಂದು ಸಲ ಟಿಪಿಒ ಆ್ಯಂಟಿಬಾಡಿ (ಥೈರಾಯ್ಡಿನ ವಿರುದ್ಧ ದೇಹವೇ ಮಾಡುವ ಪ್ರತಿಕಾಯ) ನೋಡಿಸಿ. ಅದು ಪಾಸಿಟಿವ್ ಬಂದರೆ ನಿಮ್ಮದೇ ರೋಗನಿರೋಧಕ ವ್ಯವಸ್ಥೆ ಥೈರಾಯ್ಡನ್ನು ನಿಧಾನವಾಗಿ ಹಾಳು ಮಾಡುತ್ತಿರುವ ಸಾಧ್ಯತೆ ಹೆಚ್ಚು. 1912ರಲ್ಲಿ ಜಪಾನಿನ ಹಾಶಿಮೋಟೋ ವಿವರಿಸಿದ ಕಾಯಿಲೆ ಇದು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಸೋಲುವುದಕ್ಕೆ ಮೊದಲ ಕಾರಣವೂ ಇದೇ. ಆ್ಯಂಟಿಬಾಡಿ ಇದ್ದವರಲ್ಲಿ ಟಿಎಸ್‌ಎಚ್ ಮೇಲೆ ಹೋಗುವ ಸಂಭವ ಹೆಚ್ಚಿರುತ್ತದೆ. ಅಂಥವರಿಗೆ ಮಾತ್ರೆ ಬೇಗ ಶುರು ಮಾಡುವ ಡಾಕ್ಟರ್ ತಪ್ಪು ಮಾಡುತ್ತಿಲ್ಲ. ಟಿಎಸ್‌ಎಚ್ 10 ದಾಟಿ ಅಲ್ಲೇ ನಿಂತರೆ ಸಾಮಾನ್ಯವಾಗಿ ಮಾತ್ರೆ ಕೊಡುತ್ತೇವೆ.

ಕಾಯಲೇಬಾರದ ಒಂದು ಸಂದರ್ಭ ಇದೆ. ನೀವು ಗರ್ಭಿಣಿಯಾಗಿದ್ದರೆ, ಅಥವಾ ಮಗು ಬೇಕು ಅಂತ ಪ್ರಯತ್ನದಲ್ಲಿದ್ದರೆ, ಈ ಮಾತೆಲ್ಲ ಬಿಟ್ಟು ಈ ವಾರವೇ ಡಾಕ್ಟರನ್ನು ನೋಡಿ. ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಮಗು ಥೈರಾಯ್ಡ್ ಹಾರ್ಮೋನಿಗೆ ಪೂರ್ತಿ ತಾಯಿಯನ್ನೇ ನೆಚ್ಚಿಕೊಂಡಿರುತ್ತದೆ. ಅದರ ಮೆದುಳಿನ ಬೆಳವಣಿಗೆಗೆ ಇದು ಬೇಕು. 65 ದಾಟಿದವರ ವಿಷಯ ಇದಕ್ಕೆ ಪೂರ್ತಿ ವಿರುದ್ಧ. ವಯಸ್ಸಾದಂತೆ ಟಿಎಸ್‌ಎಚ್ ಸಹಜವಾಗಿ ಸ್ವಲ್ಪ ಮೇಲೇರುತ್ತದೆ. ಇಂಥ ಹಿರಿಯರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೊಸ್ತಿಲಲ್ಲಿದ್ದವರಿಗೆ ಮಾತ್ರೆ ಕೊಟ್ಟರೂ ಸುಸ್ತು ಕಡಿಮೆಯಾಗಲಿಲ್ಲ. ಬೇಡದ ಡೋಸ್ ಕೊಟ್ಟರೆ ಮೂಳೆ ಸವೆಯುವುದು, ಹೃದಯದ ಬಡಿತ ಏರುಪೇರಾಗುವುದು ಮಾತ್ರ ಲಾಭ.

ಸುಸ್ತು ಅಂದಾಗ ಇನ್ನೊಂದು ಮಾತು. 41ರ ಹೆಣ್ಣುಮಗಳಿಗೆ ಸುಸ್ತು, ಕೂದಲು ಉದುರುವುದು ಇದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಲೆಕ್ಕ), ಬಿ12 ನೋಡದೆ ಥೈರಾಯ್ಡ್ ಮೇಲೆ ಗೂಬೆ ಕೂರಿಸಬಾರದು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದ್ದರೆ ಕಬ್ಬಿಣದ ಅಂಶ ಕಡಿಮೆಯಾಗಿ ಇದೇ ತೊಂದರೆಗಳೆಲ್ಲ ಬರುತ್ತವೆ. ತೂಕವೂ ಅಷ್ಟೇ. ಥೈರಾಯ್ಡ್ ನಿಜವಾಗಿ ಸೋತಾಗಲೂ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆಜಿ, ಅದರಲ್ಲಿ ಬಹುಪಾಲು ಉಪ್ಪು ಮತ್ತು ನೀರು. ಹದಿನೈದು ಇಪ್ಪತ್ತು ಕೆಜಿಯನ್ನು ಈ ಸಣ್ಣ ಗ್ರಂಥಿಯ ತಲೆಗೆ ಕಟ್ಟುವುದು ಅನ್ಯಾಯ.

ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಇರುವ ಮಾತ್ರೆ ತಗೊಳ್ಳುತ್ತಿದ್ದೀರಾ? ಹಾಗಿದ್ದರೆ ಟೆಸ್ಟಿಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಹಲವು ಲ್ಯಾಬ್ ವಿಧಾನಗಳಲ್ಲಿ ಬಯೋಟಿನ್ ಇದ್ದರೆ ಟಿಎಸ್‌ಎಚ್ ನಿಜಕ್ಕಿಂತ ಕಡಿಮೆ, ಟಿ4 ನಿಜಕ್ಕಿಂತ ಜಾಸ್ತಿ ಅಂತ ಸುಳ್ಳು ಅಂಕಿ ಬರುತ್ತದೆ.

ಟಿಎಸ್‌ಎಚ್ ಒಂದನ್ನೇ ನಂಬಿದರೆ ಎಲ್ಲಿ ಎಡವುತ್ತೇವೆ ಅನ್ನುವುದನ್ನೂ ಹೇಳಬೇಕು. ಇದು ನಿಮಗೆ ಅನ್ವಯಿಸಲಾರದು, ಆದರೆ ಓದುವವರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಕೂಗುವ ಅಮ್ಮನಿಗೇ ಹುಷಾರಿಲ್ಲದಿದ್ದರೆ? ಮಗ ಎದ್ದಿಲ್ಲ, ಆದರೆ ಮನೆಯಲ್ಲಿ ಗಲಾಟೆಯೂ ಇಲ್ಲ. ಗರ್ಭಿಣಿಯಾದಾಗ ಪಿಟ್ಯುಟರಿ ದೊಡ್ಡದಾಗುತ್ತದೆ. ಹೆರಿಗೆಯ ಹೊತ್ತಿಗೆ ವಿಪರೀತ ರಕ್ತಸ್ರಾವವಾಗಿ ರಕ್ತದೊತ್ತಡ ಕುಸಿದರೆ ಅದಕ್ಕೆ ರಕ್ತ ಸಾಲದೆ ಅದರ ಒಂದು ಭಾಗ ಸತ್ತು ಹೋಗಬಹುದು. 1937ರಲ್ಲಿ ಶೀಹನ್ ಅನ್ನುವ ಇಂಗ್ಲಿಷ್ ವೈದ್ಯರು ಇದನ್ನು ವಿವರವಾಗಿ ಬರೆದರು. ಬಾಣಂತಿಗೆ ಹಾಲು ಬರುವುದಿಲ್ಲ. ಮುಟ್ಟು ವಾಪಸ್ ಬರುವುದಿಲ್ಲ. ವರ್ಷಗಟ್ಟಲೆ ಸುಸ್ತು, ಚಳಿ ತಡೆಯಲಾಗದಿರುವುದು, ಕಂಕುಳ ಕೂದಲು ಉದುರುವುದು. ‘ಬಾಣಂತನ ಸರಿಯಾಗಿ ಆಗಲಿಲ್ಲ, ಅದಕ್ಕೇ ಹೀಗೆ’ ಅಂತ ಮನೆಯವರು ಸುಮ್ಮನಾಗುತ್ತಾರೆ. ಟಿಎಸ್‌ಎಚ್ ಮಾಡಿಸಿದರೆ ನಾರ್ಮಲ್ ಅಂತಲೇ ಬರಬಹುದು, ಏಕೆಂದರೆ ಅದನ್ನು ಮಾಡುವ ಗ್ರಂಥಿಯೇ ಸೋತಿದೆ. ಫ್ರೀ ಟಿ4 ನೋಡಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಇದೆ. ಹೀಗಾಗಿ ಹೆಂಗಸರ ಹಳೆಯ ಸುಸ್ತಿನ ಕಥೆ ಕೇಳುವಾಗ ಎರಡು ಪ್ರಶ್ನೆ ಕೇಳಲೇಬೇಕು: ಹೆರಿಗೆಯಲ್ಲಿ ತುಂಬ ರಕ್ತ ಹೋಗಿತ್ತಾ, ಮಗುವಿಗೆ ಹಾಲು ಬಂತಾ. ಇವರಿಗೆ ಸುಮ್ನೆ ಥೈರಾಯ್ಡ್ ಮಾತ್ರೆ ಶುರು ಮಾಡುವುದು ಅಪಾಯ. ಪಿಟ್ಯುಟರಿ ಸೋತಿದ್ದರೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಹಾರ್ಮೋನ್ ಕೂಡ ಕಡಿಮೆ ಇರಬಹುದು, ಹಾಗಿದ್ದರೆ ಮೊದಲು ಅದನ್ನು ಕೊಡಬೇಕು.

ಕಾರ್ಟಿಸಾಲ್ ಕೂಡ ಇದೇ ನಿಯಮಕ್ಕೆ ಬದ್ಧ. ಮಂಡಿನೋವು, ಉಬ್ಬಸ ಅಂತ ಕಾರ್ಟಿಸಾಲ್ ಥರವೇ ಕೆಲಸ ಮಾಡುವ ಸ್ಟಿರಾಯ್ಡ್ ಮಾತ್ರೆಯನ್ನೋ, ಅಥವಾ ಒಳಗೆ ಏನಿದೆ ಅಂತ ಬರೆದಿಲ್ಲದ ಪುಡಿಯನ್ನೋ ತಿಂಗಳುಗಟ್ಟಲೆ ತಗೊಂಡರೆ ಪಿಟ್ಯುಟರಿ ‘ಸಾಕಷ್ಟಿದೆ’ ಅಂತ ಸುಮ್ಮನಾಗುತ್ತದೆ. ಎಬ್ಬಿಸುವವರಿಲ್ಲದ ಅಡ್ರಿನಲ್ ಸೊರಗುತ್ತದೆ. ಆಮೇಲೆ ಮಾತ್ರೆಯನ್ನು ಒಂದೇ ದಿನಕ್ಕೆ ನಿಲ್ಲಿಸಿದರೆ ಬಿಪಿ ಬಿದ್ದು, ವಾಂತಿಯಾಗಿ, ಜೀವಕ್ಕೇ ಕುತ್ತು ಬರಬಹುದು. ನಿಧಾನವಾಗಿ ಇಳಿಸಬೇಕು ಅನ್ನುವುದು ಇದಕ್ಕೇ.

ಎಲ್ಲ ಗ್ರಂಥಿಗೂ ಪಿಟ್ಯುಟರಿಯ ಅಪ್ಪಣೆ ಬೇಕಿಲ್ಲ. ಇನ್ಸುಲಿನ್ ಮುಖ್ಯವಾಗಿ ರಕ್ತದ ಸಕ್ಕರೆಯನ್ನು ನೋಡಿಯೇ ಹೊರಬರುತ್ತದೆ, ಥೈರಾಯ್ಡಿನ ಹಿಂದಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಕ್ಯಾಲ್ಸಿಯಂ ನೋಡಿಕೊಂಡು ಕೆಲಸ ಮಾಡುತ್ತದೆ. ಅಂಡಾಶಯ ಮಾತ್ರ ನಿಮ್ಮ ಥೈರಾಯ್ಡ್ ಥರವೇ. ಮುಟ್ಟು ನಿಲ್ಲುವ ಕಾಲಕ್ಕೆ ಅದು ಸುಮ್ಮನಾದಂತೆ, ಅದನ್ನು ಎಬ್ಬಿಸುವ ಪಿಟ್ಯುಟರಿಯ ಹಾರ್ಮೋನ್ ಎಫ್‌ಎಸ್‌ಎಚ್ ಏರುತ್ತದೆ. ಇನ್ನು ಕೆಲವು ವರ್ಷಕ್ಕೆ ನಿಮ್ಮ ರಿಪೋರ್ಟಿನಲ್ಲಿ ಅದನ್ನೂ ನೋಡಬಹುದು, ಗಾಬರಿ ಬೇಡ.

ಮಾತ್ರೆ ಶುರುವಾದರೆ ಗೊತ್ತಿರಬೇಕಾದದ್ದು ಸ್ವಲ್ಪ ಇದೆ. ಥೈರಾಕ್ಸಿನ್ ಮಾತ್ರೆಯಲ್ಲಿರುವುದು ನಿಮ್ಮ ಗ್ರಂಥಿ ಮಾಡುವ ಅದೇ ಟಿ4. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ಸಾರವನ್ನು ಒಬ್ಬ ಹೆಂಗಸಿಗೆ ಚುಚ್ಚಿ ಚಿಕಿತ್ಸೆ ಶುರು ಮಾಡಿದರು, ಆಕೆ ಆಮೇಲೆ 28 ವರ್ಷ ಬದುಕಿದರು. ಶುದ್ಧ ಥೈರಾಕ್ಸಿನ್ ಕೈಗೆ ಸಿಕ್ಕಿದ್ದು 1914ರ ಕ್ರಿಸ್‌ಮಸ್ ದಿನ, ಅಮೆರಿಕದ ಕೆಂಡಾಲ್ ಅವರಿಗೆ. ಈಗ ಕುರಿಯ ಗೊಡವೆ ಇಲ್ಲ, ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ ನುಂಗಿ. ಅರ್ಧದಿಂದ ಒಂದು ಗಂಟೆ ಏನೂ ಬೇಡ. ಹಾಸನದವರಿಗೆ ಇದು ಕಷ್ಟ ಅಂತ ಗೊತ್ತು, ಆದರೆ ಕಾಫಿಯೂ ಬೇಡ. ಕಾಫಿ ಜೊತೆ ತಗೊಂಡರೆ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ‘ಮಾತ್ರೆ ತಗೊಂಡರೂ ಟಿಎಸ್‌ಎಚ್ ಇಳಿಯಲ್ಲ’ ಅನ್ನುವವರಲ್ಲಿ ಎಷ್ಟೋ ಜನರ ಡೋಸ್ ಸರಿ ಇರುತ್ತದೆ, ಕಾಫಿ ಲೋಟ ಪಕ್ಕದಲ್ಲೇ ಇರುತ್ತದೆ.

ಅತ್ತೆಯವರ ಸಲಹೆಗೆ ಬರೋಣ. ಎಲೆಕೋಸಿನಲ್ಲಿ ಥೈರಾಯ್ಡಿಗೆ ಅಡ್ಡಿ ಮಾಡುವ ಅಂಶ ಇರುವುದು ನಿಜ. ಆದರೆ ಬೇಯಿಸಿದಾಗ ಅದು ಬಹಳಷ್ಟು ಕಡಿಮೆಯಾಗುತ್ತದೆ, ವಾರಕ್ಕೆರಡು ಸಲ ಪಲ್ಯ ತಿಂದರೆ ಏನೂ ಆಗುವುದಿಲ್ಲ. ಸಿರಿಧಾನ್ಯಗಳಲ್ಲಿ ಸಜ್ಜೆಯ ಮೇಲೆ ಇಂಥ ಅನುಮಾನ ಇದೆ. ಅದೂ ಅಯೋಡಿನ್ ಸಿಗದ ಕಡೆ, ಅದನ್ನೇ ಮುಖ್ಯ ಆಹಾರವಾಗಿ ತಿನ್ನುವವರಲ್ಲಿ. ಅಯೋಡಿನ್ ಉಪ್ಪು ಹಾಕಿದ ಸಾರಿನ ಜೊತೆ ಮುದ್ದೆ ನುಂಗುವ ನೀವು ಮುದ್ದೆ ಬಿಡಬೇಕಿಲ್ಲ.

ಉಪ್ಪಿನ ವಿಷಯದಲ್ಲಿ ಮಾತ್ರ ಅತ್ತೆಯವರ ಮಾತು ಕೇಳಬೇಡಿ. ಒಂದು ಟಿ4 ಅಣುವಿಗೆ ನಾಲ್ಕು ಅಯೋಡಿನ್ ಪರಮಾಣು ಬೇಕು, ಅಯೋಡಿನ್ ಇಲ್ಲದೆ ಥೈರಾಯ್ಡ್ ಎಷ್ಟು ಕೂಗಿಸಿಕೊಂಡರೂ ಪ್ರಯೋಜನ ಇಲ್ಲ. ಟಿಎಸ್‌ಎಚ್ ಒತ್ತಾಯಕ್ಕೆ ಗ್ರಂಥಿ ಊದಿಕೊಳ್ಳುತ್ತದೆ, ಅದೇ ಗಳಗಂಡ. ಜೋರು ಮಳೆ ಬೀಳುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿ ಹೋಗುತ್ತದೆ. ಹಿಮಾಲಯದ ಕೆಳಗಿನ ಊರುಗಳಷ್ಟೇ ಅಲ್ಲ, ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಗಳಗಂಡ ಕಂಡಿದೆ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಕೆಲವು ಕಡೆ ಅಯೋಡಿನ್ ಸೇರಿಸಿದ ಉಪ್ಪು, ಇನ್ನೊಂದು ಕಡೆ ಮಾಮೂಲಿ ಉಪ್ಪು ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಶುರುವಾಯಿತು. ಈಗ ಅಂಗಡಿಯಲ್ಲಿ ಸಿಗುವ ಪುಡಿ ಉಪ್ಪಿನಲ್ಲಿ ನಾವು ಅದನ್ನು ಕೊಳ್ಳುವ ಹೊತ್ತಿಗೂ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಪಾಲಿಗೆ 15 ಪಾಲು) ಅಯೋಡಿನ್ ಇರಬೇಕು. ಮನೆಗೆ ತರುವ ಕಲ್ಲುಪ್ಪಿನಲ್ಲಿ, ದುಬಾರಿ ಗುಲಾಬಿ ಬಣ್ಣದ ಹಿಮಾಲಯದ ಉಪ್ಪಿನಲ್ಲಿ, ಅಯೋಡಿನ್ ಸೇರಿಸಿದ್ದು ಅಂತ ಪ್ಯಾಕೆಟ್ ಮೇಲೆ ಬರೆದಿರದಿದ್ದರೆ, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಂತ ಟಿಎಸ್‌ಎಚ್ ಏರಿದೆ ಅಂತ ಅಯೋಡಿನ್ ಮಾತ್ರೆ, ಕಡಲಕಳೆ ಪುಡಿ ಅಂತೆಲ್ಲ ತಗೊಳ್ಳಬೇಡಿ. ಹಾಶಿಮೋಟೋ ಇದ್ದವರಿಗೆ ಅಯೋಡಿನ್ ಅತಿಯಾದರೂ ಥೈರಾಯ್ಡ್ ಸೋಲುತ್ತದೆ. ಅಯೋಡಿನ್ ಹಾರಿಹೋಗದಂತೆ ಉಪ್ಪಿನ ಡಬ್ಬಿಗೆ ಮುಚ್ಚಳ ಹಾಕಿ, ಒಲೆಯಿಂದ ದೂರ ಇಡಿ, ಅಷ್ಟು ಸಾಕು.

ಜೀವನಪೂರ್ತಿಯಾ ಅಂತ ಕೇಳಿದ್ದೀರಿ. ಹಾಶಿಮೋಟೋದಿಂದ ಗ್ರಂಥಿ ಪೂರ್ತಿ ಸೋತಿದ್ದರೆ ಹೆಚ್ಚಾಗಿ ಹೌದು, ಅದರಲ್ಲಿ ಬೇಜಾರು ಪಡುವಂಥದ್ದೇನಿಲ್ಲ. ದೇಹ ಮಾಡಬೇಕಾದದ್ದನ್ನೇ ಹೊರಗಿನಿಂದ ಕೊಡುತ್ತಿದ್ದೇವೆ, ಅದು ಚಟವಲ್ಲ. ಹೆರಿಗೆಯ ನಂತರ ಕೆಲವರಲ್ಲಿ ಬರುವ ಥೈರಾಯ್ಡ್ ಉರಿಯೂತದಂಥವು ತಾವಾಗಿಯೇ ಸರಿಹೋಗುವುದೂ ಉಂಟು. ನಿಮ್ಮ ಹಾಗೆ ಹೊಸ್ತಿಲಲ್ಲಿರುವವರು ಮಾತ್ರೆ ಶುರು ಮಾಡಿದರೂ, ಮೂರು ನಾಲ್ಕು ತಿಂಗಳಲ್ಲಿ ಟಿಎಸ್‌ಎಚ್ ಸರಿಯಾಗಿ, ಸುಸ್ತು ಮಾತ್ರ ಹಾಗೇ ಇದ್ದರೆ, ಈ ಮಾತ್ರೆ ನಿಜವಾಗಿ ಬೇಕಾ ಅಂತ ಡಾಕ್ಟರನ್ನು ಕೇಳಿ. ಸುಸ್ತಿನ ಕಾರಣ ಆಗ ಬೇರೆ ಕಡೆ ಹುಡುಕಬೇಕು. ನೀವಾಗಿಯೇ ನಿಲ್ಲಿಸಬೇಡಿ, ನಿಲ್ಲಿಸಲು ಅವರು ಒಪ್ಪಿದರೆ ಎಂಟು ವಾರದ ನಂತರ ಎರಡೂ ಟೆಸ್ಟ್ ಒಟ್ಟಿಗೆ ಮಾಡಿಸಿ, ಟಿಎಸ್‌ಎಚ್ ಒಂದೇ ಅಲ್ಲ.